ಹಳದಿ ಮೇಲೆ ಕೆಂಪು ಅಕ್ಷರ: ಬ್ಯಾನರ್ ಮಾಡುವವರಿಗೆ ಕಣ್ಣಿನ ಲೆಕ್ಕ

ನವೆಂಬರ್ ಬಂತೆಂದರೆ ಫ್ಲೆಕ್ಸ್ ಅಂಗಡಿಗಳಲ್ಲೆಲ್ಲ ಹಳದಿ-ಕೆಂಪಿನದೇ ಕೆಲಸ. ಹತ್ತಿರ ನಿಂತರೆ ಬ್ಯಾನರ್ ಝಗಝಗಿಸುತ್ತದೆ. ರಸ್ತೆಯ ಆ ಬದಿಗೆ ಹೋದರೆ 'ರಾಜ್ಯೋತ್ಸವ' ಎಂಬ ದಪ್ಪ ಅಕ್ಷರ ಬಿಟ್ಟು ಸ್ಥಳ, ಸಮಯ, ಅತಿಥಿಗಳ ಹೆಸರು ಯಾವುದೂ ಓದಲಿಕ್ಕೆ ಸಿಗುವುದಿಲ್ಲ. ಮಷೀನಿನ ತಪ್ಪಲ್ಲ ಅದು. ಸಣ್ಣ ಅಕ್ಷರದ ಅಂಚನ್ನು ಕಣ್ಣು ಹಿಡಿಯುವುದು ಹೊಳಪಿನ ವ್ಯತ್ಯಾಸದಿಂದ, ಅಂದರೆ ಅಕ್ಷರ ಎಷ್ಟು ಗಾಢ, ಹಿನ್ನೆಲೆ ಎಷ್ಟು ತಿಳಿ ಎಂಬುದರಿಂದ. ಬಣ್ಣ ಬೇರೆಯಾಗಿದ್ದ ಮಾತ್ರಕ್ಕೆ ದೂರದಿಂದ ಓದಲಾಗದು.

ಕಣ್ಣಿನ ಹಿಂಬದಿಯ ಪರದೆಯಾದ ರೆಟಿನಾದಲ್ಲಿ ಬಣ್ಣ ಹಿಡಿಯುವ ಕೋನ್ ಕೋಶಗಳು ಮೂರು ಬಗೆ. ಸುಮಾರು 560, 530 ಮತ್ತು 420 ನ್ಯಾನೊಮೀಟರ್ ತರಂಗಗಳಿಗೆ ಅವು ಹೆಚ್ಚು ಸ್ಪಂದಿಸುತ್ತವೆ. ಮೊದಲೆರಡು ಬಗೆಯ ಕೋಶಗಳ ಸಂಕೇತ ಕೂಡಿದರೆ ಹೊಳಪು, ಅವುಗಳ ನಡುವಿನ ವ್ಯತ್ಯಾಸ ತೆಗೆದರೆ ಕೆಂಪು-ಹಸಿರು. ನೀಲಿ ಹಿಡಿಯುವ ಮೂರನೆಯ ಬಗೆ ಹತ್ತರಲ್ಲಿ ಒಂದರಷ್ಟೂ ಇಲ್ಲ, ನೋಟದ ನಟ್ಟನಡುವಿನ ಬಿಂದುವಿನಲ್ಲಿ ಇಲ್ಲವೇ ಇಲ್ಲ. ಕೈ ಚಾಚಿ ಹಿಡಿದಾಗ ಕಿರುಬೆರಳ ಉಗುರು ಸುಮಾರು ಒಂದು ಡಿಗ್ರಿ ಅಗಲ ಕಾಣುತ್ತದೆ. ಅಷ್ಟು ಜಾಗದಲ್ಲಿ ಕಪ್ಪು-ಬಿಳುಪು ಪಟ್ಟೆಗಳಾದರೆ 50–60 ಜೋಡಿಗಳ ತನಕ ಒಳ್ಳೆಯ ಕಣ್ಣು ಬಿಡಿಸಿ ನೋಡಬಲ್ಲದು. ಹೊಳಪು ಒಂದೇ ಇದ್ದು ಬಣ್ಣ ಮಾತ್ರ ಬೇರೆಯಾದ ಕೆಂಪು-ಹಸಿರು ಪಟ್ಟೆಗಳಾದರೆ ಹತ್ತು-ಹನ್ನೆರಡು ಜೋಡಿಗೆ ಕೈಚೆಲ್ಲುತ್ತದೆ. ಐದು ಪಟ್ಟು ವ್ಯತ್ಯಾಸ ಇದು. ಕೆಳಗಿನ ಸೂಚನೆಗಳೆಲ್ಲ ಹೆಚ್ಚುಕಮ್ಮಿ ಇದರಿಂದಲೇ ಹುಟ್ಟುತ್ತವೆ.

ಮೊದಲು ದೂರ, ಆಮೇಲೆ ಅಕ್ಷರದ ಎತ್ತರ

ಕಂಪ್ಯೂಟರಿನಲ್ಲಿ ಫೈಲ್ ತೆರೆಯುವ ಮೊದಲು ಕೇಳಬೇಕಾದ ಪ್ರಶ್ನೆ: ಓದುವವರು ಎಷ್ಟು ದೂರದಲ್ಲಿರುತ್ತಾರೆ? ಡಿಗ್ರಿಯ ಅರವತ್ತನೇ ಒಂದು ಭಾಗಕ್ಕೆ ಒಂದು ನಿಮಿಷ ಎನ್ನುತ್ತಾರೆ. 6/6, ಅಂದರೆ ಸಾಮಾನ್ಯ ಎನ್ನುವಷ್ಟು ದೃಷ್ಟಿ ಇರುವವರಿಗೆ ಬಿಡಿಸಿ ಕಾಣುವ ಅತಿ ಸಣ್ಣ ಭಾಗ ಅಷ್ಟೇ. ಒಂದು ಮೀಟರ್ ದೂರದಲ್ಲಿ ಅದು 0.29 ಮಿ.ಮೀ. ಕಣ್ಣಾಸ್ಪತ್ರೆಯ ಚಾರ್ಟಿನ ಇಂಗ್ಲಿಷ್ ಅಕ್ಷರದ ಎತ್ತರ ಇದರ ಐದು ಪಟ್ಟು, ಹಾಗಾಗಿ 6 ಮೀಟರಿಗೆ 8.7 ಮಿ.ಮೀ.

ಕನ್ನಡಕ್ಕೆ ಈ ಐದು ಪಟ್ಟು ಸಾಲದು. ರ ಮತ್ತು ಠ ನಡುವೆ ಇರುವುದು ಒಂದು ಚುಕ್ಕೆ. ಬ-ಭ, ದ-ಧಗಳ ನಡುವೆ ಬುಡದ ಒಂದು ಸಣ್ಣ ಸೀಳು. ಅಂಥ ಸೂಕ್ಷ್ಮಗಳು ಅಕ್ಷರದ ಎತ್ತರದ ಎಂಟನೇ ಒಂದು ಭಾಗಕ್ಕಿಂತ ದೊಡ್ಡದಿರುವುದು ಅಪರೂಪ. ಒತ್ತಿನೊಳಗಿನ ಸುರುಳಿಗಳು ಇನ್ನೂ ಚಿಕ್ಕವು. ನೀವು ಬಳಸುವ ಫಾಂಟಿನಲ್ಲಿ ಠ ಬರೆದು, ದೊಡ್ಡದು ಮಾಡಿ, ಚುಕ್ಕೆಯ ಅಗಲವನ್ನೂ ಅಕ್ಷರದ ಎತ್ತರವನ್ನೂ ಅಳೆಯಿರಿ. ಎಂಟನೇ ಒಂದು ಎಂದು ಬಂದರೆ ಲೆಕ್ಕ ಹೀಗೆ: ಆರಾಮಾಗಿ ಓದಲು ಆ ಚುಕ್ಕೆ 3 ನಿಮಿಷದಷ್ಟಾದರೂ ಇರಬೇಕು, ಏಕೆಂದರೆ ಎಲ್ಲರ ಕಣ್ಣೂ 6/6 ಅಲ್ಲ, 6/12 ಇರುವವರಿಗೆ 2 ನಿಮಿಷವೇ ಮಿತಿ. 8 × 3 × 0.29, ಅಂದರೆ ಮೀಟರಿಗೆ ಸುಮಾರು 7 ಮಿ.ಮೀ. ಹತ್ತು ಮೀಟರಿಗೆ 7 ಸೆಂ.ಮೀ., ಸಭಾಂಗಣದ ಹಿಂದಿನ ಸಾಲು 25 ಮೀಟರ್ ಇದ್ದರೆ ಹದಿನೇಳೂವರೆ ಸೆಂ.ಮೀ. ಒತ್ತು, ಗುಡಿಸು, ಕೊಂಬು ಬಿಟ್ಟು ಮೂಲಾಕ್ಷರದ ಎತ್ತರ ಮಾತ್ರ ಇದು. ಸಾಫ್ಟ್‌ವೇರ್ ತೋರಿಸುವ ಪಾಯಿಂಟ್ ಸೈಜ್ ನಂಬಬೇಡಿ. ಅದು ಮೇಲೆ ಕೆಳಗೆ ಬಿಟ್ಟ ಜಾಗವನ್ನೂ ಸೇರಿಸಿಕೊಂಡಿರುತ್ತದೆ.

ಬೈಕು, ಬಸ್ಸಿನಲ್ಲಿ ಹೋಗುವವರಿಗಾದರೆ ವೇಗ ಸೇರಿಸಿ. ಗಂಟೆಗೆ 40 ಕಿ.ಮೀ. ಎಂದರೆ ಸೆಕೆಂಡಿಗೆ 11 ಮೀಟರ್. ಐದಾರು ಪದ ಓದಲು 3 ಸೆಕೆಂಡ್ ಕೊಟ್ಟರೆ 33 ಮೀಟರ್. ಬೋರ್ಡು ತೀರ ಪಕ್ಕಕ್ಕೆ ಬಂದಾಗ ಯಾರೂ ತಿರುಗಿ ಓದುವುದಿಲ್ಲ, ಅದಕ್ಕೆ ಇನ್ನೊಂದು 12. ಒಟ್ಟು 45 ಮೀಟರ್, ಅಕ್ಷರ ಹತ್ತಿರಹತ್ತಿರ ಒಂದು ಅಡಿ. ಜಾಗ ಇಲ್ಲವೆಂದರೆ ಪದ ಕಡಿಮೆ ಮಾಡಬೇಕು, ಬೇರೆ ದಾರಿ ಇಲ್ಲ. ಶುಭಕೋರುವವರ ಫೋಟೊಗಳನ್ನೂ ಕಡಿಮೆ ಮಾಡಬಹುದು, ಆದರೆ ಅದು ಕಣ್ಣಿನ ವಿಜ್ಞಾನಕ್ಕೆ ಸೇರಿದ ವಿಷಯವಲ್ಲ.

ಬಣ್ಣ ತೆಗೆದು ನೋಡುವುದು

ಡಿಸೈನನ್ನು ಕಪ್ಪು-ಬಿಳುಪು ಮಾಡಿ ನೋಡಿ. ಅಲ್ಲಿ ಓದಲಾಗದ ಸಾಲು ದೂರದಿಂದಲೂ ಓದಲಾಗದು. ಆದರೆ ಇಲ್ಲೊಂದು ಗುಂಡಿ ಇದೆ, ಬೀಳುವವರು ಬಹಳ. ಫೋಟೊಶಾಪಿನ 'ಡಿಸ್ಯಾಚುರೇಟ್' ಒತ್ತಿದರೆ ಶುದ್ಧ ಹಳದಿ, ಶುದ್ಧ ಕೆಂಪು, ಶುದ್ಧ ನೀಲಿ ಮೂರೂ ಒಂದೇ ಬೂದು ಆಗಿಬಿಡುತ್ತವೆ. ಅದು ಪ್ರತಿ ಬಣ್ಣದ ಅತಿ ಹೆಚ್ಚು ಮತ್ತು ಅತಿ ಕಡಿಮೆ ಅಂಕಿಗಳ ಸರಾಸರಿ ತೆಗೆಯುತ್ತದೆ ಅಷ್ಟೆ, ಕಣ್ಣಿಗೆ ಹೇಗೆ ಕಾಣುತ್ತದೆಂಬುದು ಅದಕ್ಕೆ ಬೇಕಿಲ್ಲ. 'ಮೋಡ್' ಮೆನುವಿನ ಗ್ರೇಸ್ಕೇಲ್ ಬಳಸಿ. ಜಿಂಪ್‌ನಲ್ಲಾದರೆ 'ಲ್ಯೂಮಿನನ್ಸ್' ಆಯ್ಕೆ. ಯಾವುದೂ ಇಲ್ಲದಿದ್ದರೆ ಮೊಬೈಲಿನ ಆ್ಯಕ್ಸೆಸಿಬಿಲಿಟಿ ಸೆಟ್ಟಿಂಗಿನಲ್ಲಿ ಸ್ಕ್ರೀನನ್ನೇ ಗ್ರೇಸ್ಕೇಲ್ ಮಾಡಿ ಫೈಲ್ ತೆರೆಯಿರಿ.

ಅಂಕಿಯಲ್ಲೇ ಬೇಕೆಂದರೆ ವೆಬ್‌ಸೈಟ್ ಮಾಡುವವರು ಬಳಸುವ ಕಾಂಟ್ರಾಸ್ಟ್ ಅನುಪಾತ ಇದೆ, ತಿಳಿ ಬಣ್ಣದ ಹೊಳಪು ಗಾಢ ಬಣ್ಣದ್ದರ ಹೆಚ್ಚುಕಮ್ಮಿ ಎಷ್ಟು ಪಟ್ಟು ಎಂಬ ಲೆಕ್ಕ. ಅದರಲ್ಲಿ ಹೊಳಪಿಗೆ ಹಸಿರಿನ ಪಾಲು ಶೇ. 71.5, ಕೆಂಪಿನದು ಶೇ. 21.3, ನೀಲಿಯದು ಬರೀ ಶೇ. 7.2. ಕಪ್ಪು-ಬಿಳುಪಿಗೆ ಅನುಪಾತ 21. ಸಾಮಾನ್ಯ ಅಕ್ಷರಕ್ಕೆ ಕನಿಷ್ಠ 4.5, ದೊಡ್ಡ ಅಕ್ಷರಕ್ಕೆ 3 ಬೇಕು. ಸ್ಕ್ರೀನಿನ ಶುದ್ಧ ಬಣ್ಣಗಳನ್ನು ಇದಕ್ಕೆ ಹಚ್ಚಿದರೆ ಹಳದಿ ಮೇಲೆ ಕಪ್ಪು 19.6, ಬಿಳಿ ಮೇಲೆ ನೀಲಿ 8.6, ಬಿಳಿ ಮೇಲೆ ಕೆಂಪು 4. ನಮ್ಮ ಹಳದಿ ಮೇಲೆ ಕೆಂಪು 3.7. ಶೀರ್ಷಿಕೆಗೆ ಧಾರಾಳ, ಕೆಳಗಿನ ಸಣ್ಣ ಸಾಲುಗಳಿಗೆ ಸಾಲದು. ಕಪ್ಪು ಮೇಲೆ ನೀಲಿ 2.4, ನೀಲಿ ಮೇಲೆ ಕೆಂಪು 2.1. ಬಿಳಿ ಮೇಲೆ ಹಳದಿ 1.07, ಅಂದರೆ ಇಲ್ಲದಂತೆಯೇ.

ಹಳದಿ-ಕೆಂಪನ್ನು ಬಿಡಲಾಗದು, ಬಿಡಬೇಕಾಗಿಯೂ ಇಲ್ಲ. ಕೆಂಪನ್ನು ಗಾಢ ಮಾಡಿ. ಆರ್‌ಜಿಬಿಯಲ್ಲಿ, ಅಂದರೆ ಸ್ಕ್ರೀನಿನ ಕೆಂಪು-ಹಸಿರು-ನೀಲಿ ಲೆಕ್ಕದಲ್ಲಿ, ಕೆಂಪಿನ ಅಂಕಿ 255ರಿಂದ 139ಕ್ಕೆ ಇಳಿಸಿದರೆ ಅನುಪಾತ 3.7ರಿಂದ 9.3ಕ್ಕೆ ಏರುತ್ತದೆ. ಪ್ರಿಂಟಿಗೆ ಮೆಜೆಂಟಾ 100, ಹಳದಿ 100ರ ಜೊತೆ ಕಪ್ಪು 40ರಷ್ಟು ಸೇರಿಸಿದರೆ ಆ ಕಡೆಗೆ ಬರುತ್ತದೆ, ಮಷೀನಿಗೆ ತಕ್ಕಂತೆ ಒಂದು ತುಂಡು ಪ್ರಿಂಟ್ ತೆಗೆದು ಹೊಂದಿಸಿಕೊಳ್ಳಿ. ಬಾವುಟದ ಪಟ್ಟಿಗಳು ಹೊಳೆಯುವ ಕೆಂಪಾಗಿಯೇ ಇರಲಿ. ದೊಡ್ಡ ಹರವಿನ ಬಣ್ಣವನ್ನು ಕಣ್ಣು ಚೆನ್ನಾಗಿ ಗುರುತಿಸುತ್ತದೆ, ಅಲ್ಲಿ ಬಣ್ಣಕ್ಕೆ ಕೆಲಸ ಇದೆ.

ಕಡುಹಸಿರು ಮೇಲೆ ಕೆಂಪಂತೂ ಬೇಡವೇ ಬೇಡ. ಹಸಿರಿನ ಅಂಕಿ 128 ಇದ್ದರೆ ಅನುಪಾತ 1.3. ಬಣ್ಣ ಎದುರಾಬದುರು, ಹೊಳಪು ಒಂದೇ. ಅಂಚು ಎಲ್ಲಿದೆ ಎಂದು ಕಣ್ಣಿಗೆ ಗೊತ್ತಾಗದೆ ಅಕ್ಷರ ನಡುಗಿದಂತೆ ಕಾಣುತ್ತದೆ. ಕೆಂಪು-ಹಸಿರು ಗುರುತಿಸಲಾಗದವರಿಗೆ ಅದೂ ಇಲ್ಲ, ಬರೀ ಒಂದು ಹಾಳೆ. ಕೆಲವು ಜನಾಂಗಗಳಲ್ಲಿ ಗಂಡಸರ ಪೈಕಿ ಶೇ. 8ರಷ್ಟು ಇಂಥವರಿದ್ದಾರೆ. ಕೆಂಪು-ನೀಲಿ ಜೋಡಿಯ ತೊಂದರೆ ಬೇರೆ: ಕಣ್ಣಿನ ಮಸೂರ ನೀಲಿಯನ್ನು ರೆಟಿನಾದ ಮುಂದೆ, ಕೆಂಪನ್ನು ಹಿಂದೆ ಕೂಡಿಸುತ್ತದೆ. ಎರಡೂ ಒಟ್ಟಿಗೆ ಫೋಕಸ್ ಆಗುವುದಿಲ್ಲ.

ಔಟ್‌ಲೈನ್ ಹಾಕಿದರೆ ಸರಿಹೋಗುತ್ತದಲ್ಲ ಎನ್ನುವುದು ಅಂಗಡಿಯ ಸಾಮಾನ್ಯ ಉತ್ತರ. ಹೋಗುತ್ತದೆ, ಅಗಲ ಇದ್ದರೆ. ಮೀಟರಿಗೆ 0.6 ಮಿ.ಮೀ. ಲೆಕ್ಕದಲ್ಲಿ 20 ಮೀಟರಿಗೆ 12 ಮಿ.ಮೀ. ಬೇಕು. ಒಂದೆರಡು ಮಿ.ಮೀ. ಬಿಳಿ ಗೆರೆ ದೂರದಲ್ಲಿ ಗೆರೆಯಾಗಿ ಉಳಿಯುವುದಿಲ್ಲ. ಪಕ್ಕದ ಬಣ್ಣದ ಜೊತೆ ಬೆರೆತು ಅದನ್ನು ಮಂಕು ಮಾಡುತ್ತದೆ. ಔಟ್‌ಲೈನನ್ನು ಅಕ್ಷರದ ಹೊರಗೆ ಮಾತ್ರ ಹಾಕಿ. ಒಳಕ್ಕೆ ಬೆಳೆದರೆ ಠದ ಚುಕ್ಕೆಯನ್ನೂ ಭದ ಸೀಳನ್ನೂ ನುಂಗಿಹಾಕುತ್ತದೆ. ನೆರಳು, ತ್ರೀಡಿ, ಗ್ರೇಡಿಯಂಟ್‌ಗಳು ಸುಳ್ಳು ಅಂಚುಗಳನ್ನು ಸೇರಿಸುತ್ತವೆ. ಒಂದೂ ಬೇಡ.

ಅಡಿಗೆ ಇಂಚು

ಪ್ರಿಂಟಿಗೆ ಕೊಡುವ ಮೊದಲಿನ ಪರೀಕ್ಷೆಗೆ ಖರ್ಚು ಒಂದು ಎ4 ಹಾಳೆ. ಬ್ಯಾನರಿನ ಒಂದು ಅಡಿ ಹಾಳೆಯಲ್ಲಿ ಒಂದು ಇಂಚಾಗುವಂತೆ ಬಣ್ಣದ ಪ್ರಿಂಟ್ ತೆಗೆಯಿರಿ. 10×4 ಅಡಿಯದು 10×4 ಇಂಚಾಗಿ ಅಡ್ಡ ಹಾಳೆಯಲ್ಲಿ ಕೂರುತ್ತದೆ. 'ಫಿಟ್ ಟು ಪೇಜ್' ತೆಗೆದುಹಾಕಿ, ಇಲ್ಲವಾದರೆ ಅಳತೆ ಕೆಡುತ್ತದೆ. ಗೋಡೆಗೆ ಅಂಟಿಸಿ, ನಿಜವಾದ ದೂರ ಎಷ್ಟು ಅಡಿಯೋ ಅಷ್ಟು ಇಂಚು ದೂರ ನಿಲ್ಲಿ. 60 ಅಡಿಯಾದರೆ 60 ಇಂಚು, ಅಂದರೆ 5 ಅಡಿ. ಕಣ್ಣಿಗೆ ಬೀಳುವ ಕೋನ ಎರಡಕ್ಕೂ ಒಂದೇ. ಆ ಬ್ಯಾನರ್ ಬಗ್ಗೆ ಏನೂ ಗೊತ್ತಿಲ್ಲದವರಿಂದ ಓದಿಸಬೇಕು. ಡಿಸೈನ್ ಮಾಡಿದವರಿಗೆ ಪಠ್ಯ ಬಾಯಿಪಾಠ ಆಗಿರುತ್ತದೆ, ಅವರ ಕಣ್ಣು ಸಾಕ್ಷಿಗೆ ಬರದು. ನಲವತ್ತು ದಾಟಿದವರು ಓದುವ ಕನ್ನಡಕ ಹಾಕಿದ್ದರೆ ತೆಗೆಸಿ, ಕೈಯಲ್ಲಿ ಹಿಡಿದ ಪುಸ್ತಕಕ್ಕೆ ಮಾಡಿದ ಅದು ಇಷ್ಟು ದೂರದಲ್ಲಿ ಮಸುಕು ಮಾಡುತ್ತದೆ, ಆ ಮಸುಕನ್ನು ಅಕ್ಷರದ ತಪ್ಪೆಂದು ಎಣಿಸಬಾರದಲ್ಲ.

ಪದಗಳು ಗಜಿಬಿಜಿ ಎನಿಸಿದರೆ ಸಾಲಿನ ನಡುವಿನ ಅಂತರ ನೋಡಿ. ಇಂಗ್ಲಿಷಿಗೆ ಫಾಂಟ್ ಸೈಜಿನ 1.2 ಪಟ್ಟು ನಡೆಯುತ್ತದೆ. ಕನ್ನಡದಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ, 1.5ಕ್ಕಿಂತ ಇಳಿಸಬೇಡಿ. ಪಕ್ಕದ ಗೆರೆಗಳು ಒತ್ತಿ ಬಂದಾಗ ಅಕ್ಷರ ಎಷ್ಟೇ ದೊಡ್ಡದಿದ್ದರೂ ಗುರುತು ಸಿಗುವುದಿಲ್ಲ, ಓರೆಗಣ್ಣಿನಲ್ಲಿ ನೋಡುವಾಗಂತೂ ಇನ್ನೂ ಕಷ್ಟ. ಗಾಢ ಹಿನ್ನೆಲೆಯ ಮೇಲೆ ಬಿಳಿ ಅಕ್ಷರವಾದರೆ ಗೆರೆ ಉಬ್ಬಿದಂತೆ ಕಂಡು ಒಳಗಿನ ಖಾಲಿ ಮುಚ್ಚಿಹೋಗುತ್ತದೆ. ಒಂದು ಹಂತ ತೆಳು ಫಾಂಟ್ ಹಾಕಿ.

ಸಂಜೆಯ ಕಾರ್ಯಕ್ರಮವಾದರೆ ಕೆಂಪಿಗೆ ಮತ್ತೂ ಒಂದು ಕಷ್ಟ. ಬೆಳಕು ಕುಗ್ಗಿದ ಹಾಗೆ ಕಣ್ಣಿನ ಹೆಚ್ಚಿನ ಸೂಕ್ಷ್ಮತೆ 555 ನ್ಯಾನೊಮೀಟರಿನಿಂದ 507ರ ಕಡೆಗೆ ಜರುಗುತ್ತದೆ. ಕೆಂಪು ಕಪ್ಪಾಗುತ್ತದೆ, ಹಸಿರು-ನೀಲಿ ತಿಳಿಯಾಗುತ್ತವೆ. ಪುರ್ಕಿನ್ಯೆ ಎಂಬ ಚೆಕ್ ವಿಜ್ಞಾನಿ 19ನೇ ಶತಮಾನದಲ್ಲೇ ಗಮನಿಸಿದ್ದ ಸಂಗತಿ. ಹಳದಿ ಮೇಲಿನ ಕೆಂಪಿಗೆ ಇದು ಅನುಕೂಲವೇ. ಕಪ್ಪು ಅಥವಾ ಕಡುನೀಲಿ ಮೇಲಿನ ಕೆಂಪು ಮಾತ್ರ ಮಾಯ. ಅರವತ್ತರ ಕಣ್ಣಿನ ರೆಟಿನಾಕ್ಕೆ ಇಪ್ಪತ್ತರ ಕಣ್ಣಿಗೆ ಸಿಗುವ ಬೆಳಕಿನ ಮೂರನೇ ಒಂದು ಭಾಗವಷ್ಟೇ ಮುಟ್ಟುತ್ತದೆ, ಹಾಗಾಗಿ ಹಿರಿಯರು ಬರುವ ಸಭೆಯ ಬ್ಯಾನರಿಗೆ ಒಂದು ದೀಪ ಕಟ್ಟಿಸಿ.

ಅದೇ ಡಿಸೈನನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗ ಫೋಟೊ ಬದಲು ಡಾಕ್ಯುಮೆಂಟ್ ಆಗಿ ಕಳಿಸಿ. ಜೆಪಿಇಜಿ ಚಿತ್ರಗಳಲ್ಲಿ ಹೊಳಪನ್ನು ಪೂರ್ತಿ ಇಟ್ಟುಕೊಂಡು ಬಣ್ಣದ ವಿವರವನ್ನು ಅಡ್ಡಕ್ಕೂ ಉದ್ದಕ್ಕೂ ಅರ್ಧಕ್ಕೆ ಇಳಿಸುವುದು ರೂಢಿ. ಕಣ್ಣಿಗೆ ಹೇಗೂ ಗೊತ್ತಾಗದು ಎಂಬ ಲೆಕ್ಕಾಚಾರ ಅದು. ಬಣ್ಣವನ್ನೇ ನೆಚ್ಚಿಕೊಂಡ ಸಣ್ಣ ಅಕ್ಷರ ಅಲ್ಲಿ ಕಲಸಿಹೋಗುತ್ತದೆ.

ಇನ್ನು ತಿಂಗಳುಗಟ್ಟಲೆ ಬಿಸಿಲಲ್ಲಿ ನಿಲ್ಲುವ ಬೋರ್ಡಾದರೆ, ಮೆಜೆಂಟಾ ಮತ್ತು ಹಳದಿ ಇಂಕು ಕಪ್ಪಿಗಿಂತ ಬೇಗ ಮಾಸುತ್ತವೆ. ಕೆಂಪು ಅಕ್ಷರ ಗುಲಾಬಿಯಾಗಿ ಅನುಪಾತ ವಾರವಾರ ಇಳಿಯುತ್ತದೆ. ಫೋನ್ ನಂಬರು, ವಿಳಾಸ, ಬಾಣದ ಗುರುತು ಇಷ್ಟನ್ನಾದರೂ ಕಪ್ಪಿನಲ್ಲೇ ಬರೆಸಿ.