ಆರ್‌ಟಿಐ ಅರ್ಜಿ ಬರುವ ಮೊದಲೇ ಬೀರು ತೆಗೆಯಿರಿ

ನಾನು ಗ್ರಾಮ ಪಂಚಾಯಿತಿಯಲ್ಲಿ ಕಡತ ನೋಡಿಕೊಳ್ಳುವವನು. ಹೊಸದಾಗಿ ಸೇರಿದವರಿಗೆ ನಾನು ಹೇಳುವುದು ಇಷ್ಟು.

ಮೊದಲು ಪಟ್ಟಿ ಮಾಡಿ. ಕಡತಗಳನ್ನು ಪಟ್ಟಿ ಮಾಡಿ, ಸೂಚಿ ಸಮೇತ ಇಡಬೇಕೆಂದು 2005ರ ಮಾಹಿತಿ ಹಕ್ಕು (ಆರ್‌ಟಿಐ) ಕಾಯ್ದೆಯ 4(1)(ಎ) ಕಲಂ ಹೇಳುತ್ತದೆ. ನಮ್ಮಲ್ಲಿ ಜಾಸ್ತಿ ಕೇಳುವುದು ಕಾಮಗಾರಿ ಬಿಲ್ಲು, ಅಳತೆ ಪುಸ್ತಕ, ಸಭೆಯ ನಡವಳಿ, ಮನೆ ಫಲಾನುಭವಿಗಳ ಪಟ್ಟಿ. ಇವನ್ನು ಕೈಗೆ ಸಿಗುವ ಕಪಾಟಿನಲ್ಲಿಡಿ. ಕಾಮಗಾರಿ ಕಡತಕ್ಕೆ ವರ್ಷ, ಊರು, ಕೆಲಸದ ಹೆಸರು ಮೂರನ್ನೂ ಬರೆಯಿರಿ. ಬರೀ ‘ಚರಂಡಿ’ ಅಂತ ಬರೆದರೆ ಯಾವ ಚರಂಡಿ ಅಂತ ಹುಡುಕೋದು? ಪುಟಗಳಿಗೆ ಸಂಖ್ಯೆ ಹಾಕಿ. ಕಡತ ಇಂಜಿನಿಯರ್ ಕೈಗೆ ಹೋದರೆ ವಹಿಯಲ್ಲಿ ಸಹಿ ಬೇಕೇ ಬೇಕು. ಕಾಗದ ಕಳೆಯುವುದು ಗೆದ್ದಲಿಗಿಂತ ಹೀಗೇ ಹೆಚ್ಚು.

ಅರ್ಜಿ ಬಂದ ದಿನವೇ ಮುದ್ರೆ ಹಾಕಿ. ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿನವರಿಗೆ ಇಲ್ಲ. ಮಾಹಿತಿ ಬೇರೆ ಕಚೇರಿಯದ್ದಾದರೆ 5 ದಿನದೊಳಗೆ ವರ್ಗಾಯಿಸಿ, ಸುಮ್ನೆ ಹಿಂದಿರುಗಿಸಬೇಡಿ. ಉಳಿದದ್ದಕ್ಕೆ 30 ದಿನ. ಪ್ರತಿಗೆ ಹಣ ಕಟ್ಟಿ ಎಂದು ಪತ್ರ ಕಳಿಸಿದ ಮೇಲೆ ಹಣ ಬರುವವರೆಗಿನ ದಿನಗಳು ಇದರಲ್ಲಿ ಸೇರುವುದಿಲ್ಲ. ಹಾಗಂತ ಆ ಪತ್ರವನ್ನು 29ನೇ ದಿನ ಬರೆಯುವುದು ಕೆಟ್ಟ ಚಾಳಿ, ಅಲ್ವಾ? ಗಡುವು ಮೀರಿದರೆ ಪ್ರತಿಗಳನ್ನು ಉಚಿತವಾಗಿ ಕೊಡಬೇಕು.

ಫಲಾನುಭವಿ ಪಟ್ಟಿಯಲ್ಲಿ ಆಧಾರ್, ಬ್ಯಾಂಕ್ ಖಾತೆ ಸಂಖ್ಯೆ ಇರುತ್ತವೆ. ಅವನ್ನು ಮರೆಮಾಡಿ ಉಳಿದದ್ದನ್ನು ಕೊಡಲು ಅದೇ ಕಾಯ್ದೆಯ 10ನೇ ಕಲಂ ದಾರಿ ಮಾಡಿದೆ. ಮೂಲ ಕಡತದ ಮೇಲೆ ಮಾತ್ರ ಮಸಿ ಬಳಿಯಬೇಡಿ. ಜೆರಾಕ್ಸ್ ಮಾಡಿ ಅದರ ಮೇಲೆ ಅಳಿಸಿ, ಮತ್ತೆ ಜೆರಾಕ್ಸ್ ತೆಗೆದು ಕೊಡಿ.