ಕನ್ನಡ ಲೇಖನಗಳಿಗೆ ‘ಸಂಬಂಧಿತ ಬರಹ’ ಹೊಂದಿಸಿದ ಬಗೆ: ನನ್ನ ಅನುಭವ

ಕಲಬುರಗಿ, ಬೀದರ ಮತ್ತು ಯಾದಗಿರಿ ಜಿಲ್ಲೆಗಳ ಬೇಸಾಯ, ಇತಿಹಾಸ, ಅಡುಗೆಗಳನ್ನು ಕುರಿತು ನಾವು ಕೆಲವರು ಸೇರಿ ನಡೆಸುತ್ತಿರುವ ಜಾಲತಾಣವು ವರ್ಡ್‌ಪ್ರೆಸ್ ಎಂಬ, ಜಾಲತಾಣ ನಡೆಸುವ ತಂತ್ರಾಂಶದಲ್ಲಿದೆ. ಪ್ರತಿ ಲೇಖನದ ಕೊನೆಗೆ ‘ಇವುಗಳನ್ನೂ ಓದಿ’ ಎಂದು ನಾಲ್ಕು ಬರಹಗಳನ್ನು ತೋರಿಸುವ ಒಂದು ಸಣ್ಣ ಪ್ಲಗಿನ್ (ತಾಣಕ್ಕೆ ಜೋಡಿಸುವ ಪುಟ್ಟ ತಂತ್ರಾಂಶ) ಅನ್ನು ನಾನೇ ಬರೆದಿದ್ದೆ. ಲೇಖನಗಳಲ್ಲಿ ಸಮಾನವಾಗಿ ಬರುವ ಪದಗಳನ್ನು ಹೋಲಿಸಿ ಅದು ಬರಹಗಳನ್ನು ಆರಿಸಬೇಕಿತ್ತು. ಅದು ಕೆಲಸ ಮಾಡುತ್ತಿದೆಯೆಂದೇ ಬಹಳ ದಿನ ನಂಬಿದ್ದೆ. ಆಳಂದ ಕಡೆಯ ಹಿರಿಯ ರೈತರೊಬ್ಬರು ಒಂದು ದಿನ ಫೋನ್ ಮಾಡಿ, “ಜ್ವಾಳದ ಕಾಡಿಗಿ ರೋಗ ಓದಿದ ಮ್ಯಾಲ ಕೆಳಗ ಬೀದರ ಕ್ವಾಟಿ ಸುದ್ದಿ ಯಾಕ ಬರ್ತದರೀ ಸರ್?” ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಅವರಿಗೆ ಬೇಕಾಗಿದ್ದುದು ಕಾಡಿಗೆ ಎಂಬ ಆ ಶಿಲೀಂಧ್ರ ರೋಗಕ್ಕೆ ಔಷಧೋಪಚಾರದ ಮಾಹಿತಿ. ನಾನು ತೋರಿಸುತ್ತಿದ್ದುದು ಕೋಟೆ.

ಅಂದು ರಾತ್ರಿಯೇ ಪ್ಲಗಿನ್ ಒಂದು ಲೇಖನವನ್ನು ಯಾವ ಯಾವ ಪದಗಳಾಗಿ ಒಡೆಯುತ್ತಿದೆ ಎಂಬುದನ್ನು ಮುದ್ರಿಸಿ ನೋಡಿದೆ. ‘ಕಲಬುರಗಿ’ ಎಂಬುದು ‘ಕಲಬ’ ಮತ್ತು ‘ರಗ’ ಎಂದು ಎರಡು ತುಂಡಾಗಿತ್ತು. ‘ತೊಗರಿ’ಯಲ್ಲಿ ‘ತ’ ಮತ್ತು ‘ಗರ’ ಉಳಿದಿದ್ದವು. ಕಾರಣ ಸರಳವಾಗಿದ್ದರೂ ಕನ್ನಡಕ್ಕೆ ಮಾರಕವಾದುದು. ಪ್ಲಗಿನ್ ಬರೆದ ಭಾಷೆಯಾದ, ನಮ್ಮ ಸರ್ವರಿನಲ್ಲಿದ್ದ ಪಿಎಚ್‌ಪಿಯು ಪದದೊಳಗಿನ ಅಕ್ಷರವನ್ನು ಗುರುತಿಸಲು ಬಳಸುವ ಸಿದ್ಧ ನಿಯಮವು, ಎಲ್ಲ ಭಾಷೆಗಳ ಲಿಪಿಗೂ ಸಂಕೇತ ಕೊಡುವ ಯೂನಿಕೋಡಿನಲ್ಲಿ ‘ಅಕ್ಷರ’ ಮತ್ತು ‘ಅಂಕಿ’ ಎಂದು ವರ್ಗೀಕರಿಸಿದವನ್ನು ಮಾತ್ರ ಒಪ್ಪುತ್ತದೆ; ನಮ್ಮ ಕೊಂಬು, ಗುಡಿಸು, ಏತ್ವ, ಅರ್ಧಾಕ್ಷರದ ಗುರುತುಗಳು ‘ಚಿಹ್ನೆ’ ಎಂಬ ಬೇರೆ ವರ್ಗದಲ್ಲಿರುವುದರಿಂದ ಅವು ಬಂದಲ್ಲೆಲ್ಲ ಪದ ಮುಗಿಯಿತೆಂದು ಅದು ತಿಳಿಯುತ್ತದೆ. ಅಕ್ಷರ ಮತ್ತು ಚಿಹ್ನೆ ಎರಡೂ ವರ್ಗಗಳನ್ನು ಸೇರಿಸಿ ನಿಯಮವನ್ನು ಹೊಸದಾಗಿ ಬರೆದ ಮೇಲೆ ಪದಗಳು ಇಡಿಯಾಗಿ ಬಂದವು.

ಆದರೂ ‘ಜೋಳ’ ಬರಲಿಲ್ಲ. ನಾಲ್ಕಕ್ಕಿಂತ ಕಡಿಮೆ ಯೂನಿಕೋಡ್ ಸಂಕೇತಗಳ ಪದವನ್ನು ಬಿಟ್ಟುಬಿಡು ಎಂದು ನಾನೇ ಇಂಗ್ಲಿಷಿನ ರೂಢಿಯಂತೆ ಬರೆದಿಟ್ಟಿದ್ದೆ. ಜೋಳದಲ್ಲಿ ಇರುವುದು ಜ, ಓತ್ವ ಮತ್ತು ಳ ಎಂಬ ಮೂರೇ ಸಂಕೇತಗಳು, ‘ಮಳೆ’ಯಲ್ಲಿಯೂ ಮೂರೇ. ನಮ್ಮ ಭಾಗದ ಬೇಸಾಯದ ಬರಹಗಳಿಂದ ಜೋಳವನ್ನೂ ಮಳೆಯನ್ನೂ ತೆಗೆದರೆ ಹೋಲಿಸಲು ಏನು ಉಳಿಯುತ್ತದೆ? ಹೊಂದುವ ಪದ ಸಿಗದಿದ್ದಾಗ ಪ್ಲಗಿನ್ ಇತ್ತೀಚಿನ ಬರಹಗಳನ್ನು ತೋರಿಸುತ್ತಿತ್ತು, ಬೀದರ ಕೋಟೆ ಬಂದಿದ್ದು ಹಾಗೆ. ಈಗ ಸಂಕೇತಗಳ ಬದಲು ನಾವು ಉಚ್ಚರಿಸುವ ಅಕ್ಷರಗಳನ್ನೇ ಎಣಿಸುತ್ತೇನೆ; ಎರಡು ಅಕ್ಷರವಿದ್ದರೆ ಸಾಕು.

ಮುಂದಿನ ಕೆಲಸ ವಿಭಕ್ತಿ ಪ್ರತ್ಯಯಗಳದು, ನನ್ನ ಹೆಚ್ಚಿನ ಸಮಯ ಹೋದದ್ದೂ ಅದಕ್ಕೇ. ತೊಗರಿಯ, ತೊಗರಿಗೆ, ತೊಗರಿಯಲ್ಲಿ ಎಂಬವು ಓದುಗನಿಗೆ ಒಂದೇ ಬೆಳೆ, ಯಂತ್ರಕ್ಕೆ ಮೂರು ಬೇರೆ ಪದಗಳು. ಪ್ರತ್ಯಯಗಳ ಪಟ್ಟಿ ಮಾಡಿ ಕಳಚಲು ಹೊರಟಾಗ ‘ದಿನ’ ಎಂಬುದರ ಕೊನೆಯ ‘ಇನ’ವೂ ಕಳಚಿ ಬರೀ ‘ದ’ ಉಳಿಯಿತು. ಹಾಗಾಗಿ ಕಳಚಿದ ಮೇಲೆ ಉಳಿಯುವ ರೂಪ ತಾಣದ ಬೇರೆ ಲೇಖನಗಳಲ್ಲಿ ಸ್ವತಂತ್ರ ಪದವಾಗಿ ಇದ್ದರೆ ಮಾತ್ರ ಒಪ್ಪಬೇಕೆಂಬ ನಿಯಮ ಸೇರಿಸಿದೆ. ‘ಊರಿನ’, ‘ಊರಿಗೆ’ ಮುಂತಾದವು ‘ಊರು’ ಆಗಬೇಕಾದ್ದರಿಂದ ಕೊನೆಗೆ ಉಕಾರವನ್ನು ಸೇರಿಸಿಯೂ ಹುಡುಕುವಂತೆ ಮಾಡಿದೆ. ಇಷ್ಟಾದ ಮೇಲೆ ರೈತರು ಹೇಳಿದ ಲೇಖನವನ್ನೇ ತೆರೆದರೆ, ಅದರ ಕೆಳಗೆ ಮೊದಲ ಸ್ಥಾನದಲ್ಲಿ ಚಿಂಚೋಳಿ ವನ್ಯಜೀವಿ ಧಾಮದ ಬರಹವಿತ್ತು! ಕಾಡಿಗೆ ರೋಗದ ‘ಕಾಡಿಗೆ’ಯನ್ನು ಪ್ಲಗಿನ್ ‘ಕಾಡು’ ಎಂಬುದರ ಚತುರ್ಥಿ ಎಂದು ಓದಿತ್ತು. ‘ಹೋಳಿಗೆ’ಯ ಕೆಳಗೆ ಹೋಳಿ ಹುಣ್ಣಿಮೆ ಬಂದದ್ದೂ ಇದೇ ಕಾರಣಕ್ಕೆ. ವ್ಯಾಕರಣದ ದೃಷ್ಟಿಯಿಂದ ಯಂತ್ರದ ಓದು ತಪ್ಪಲ್ಲ. ಅರ್ಥ ತಿಳಿಯದೆ ಈ ಗಂಟು ಬಿಡಿಸಲಾಗದು. ಆದ್ದರಿಂದ ‘ಕಳಚಬಾರದ ಪದಗಳು’ ಎಂಬ ಪಟ್ಟಿಯನ್ನು ಸೆಟ್ಟಿಂಗ್ಸ್ ಪುಟದಲ್ಲಿಯೇ ಇಟ್ಟೆ. ನಮ್ಮ ಸಂಪಾದಕ ಗೆಳೆಯರು ಕೋಡ್ ಮುಟ್ಟದೆಯೇ ಅದಕ್ಕೆ ಪದ ಸೇರಿಸಬಹುದು.

ಊರು, ಪ್ರದೇಶಗಳ ಹೆಸರಿಗೂ ಒಂದು ಪಟ್ಟಿ ಬೇಕಾಯಿತು. 2014ರ ನವೆಂಬರ್ 1ರಂದು ಗುಲಬರ್ಗಾ ಅಧಿಕೃತವಾಗಿ ಕಲಬುರಗಿಯಾಯಿತು. 2019ರಲ್ಲಿ ಹೈದರಾಬಾದ್ ಕರ್ನಾಟಕವು ಕಲ್ಯಾಣ ಕರ್ನಾಟಕವಾಯಿತು. ಯಾದಗಿರಿ ಪ್ರತ್ಯೇಕ ಜಿಲ್ಲೆಯಾದದ್ದು 2009ರ ಕೊನೆಯಲ್ಲಿ. ಅದಕ್ಕೂ ಮುಂಚೆ ಬರೆದಿಟ್ಟು ನಾವು ಆಮೇಲೆ ತಾಣಕ್ಕೆ ಏರಿಸಿದ ಸುರಪುರದ ಟಿಪ್ಪಣಿಗಳಲ್ಲಿ ‘ಗುಲಬರ್ಗಾ ಜಿಲ್ಲೆ’ ಎಂದೇ ಇದೆ. ಹಳೆಯ ಬರಹದ ಪಠ್ಯವನ್ನು ತಿದ್ದುವುದು ನನಗೆ ಒಪ್ಪಿಗೆಯಿಲ್ಲ. ಬದಲಿಗೆ, ಹೋಲಿಸುವಾಗ ಮಾತ್ರ ಎರಡೂ ಹೆಸರುಗಳನ್ನು ಒಂದೆಂದು ಎಣಿಸುವಂತೆ ಮಾಡಿದೆ. ‘ಬೀದರ್‌ನಲ್ಲಿ’ ಎಂದು ಟೈಪ್ ಮಾಡುವಾಗ ಒತ್ತಕ್ಷರವಾಗದಂತೆ ನಡುವೆ ಸೇರುವ, ಕಣ್ಣಿಗೆ ಕಾಣದ ಸಂಕೇತವನ್ನೂ ಹೋಲಿಕೆಗೆ ಮೊದಲು ತೆಗೆದುಹಾಕುತ್ತೇನೆ.

ಯಾವ ಬರಹ ಎಷ್ಟು ಹೊಂದುತ್ತದೆಂದು ಅಂಕ ಕೊಡುವ ಕ್ರಮ ನನ್ನದಲ್ಲ. ಅಪರೂಪದ ಪದಕ್ಕೆ ಹೆಚ್ಚು ತೂಕ, ಎಲ್ಲೆಡೆ ಬರುವ ಪದಕ್ಕೆ ಕಡಿಮೆ ತೂಕ ಎಂಬ ಈ ತತ್ತ್ವವನ್ನು ಗಣಕ ವಿಜ್ಞಾನಿ ಕರೆನ್ ಸ್ಪಾರ್ಕ್ ಜೋನ್ಸ್ 1972ರಲ್ಲಿಯೇ ಮಂಡಿಸಿದ್ದರು, ಇಂದಿಗೂ ಅದು ಗಟ್ಟಿಯಾಗಿ ನಿಂತಿದೆ. ಲೆಕ್ಕವನ್ನು ಪುಟ ತೆರೆದಾಗಲೆಲ್ಲ ಮಾಡದೆ, ಲೇಖನವನ್ನು ಉಳಿಸುವಾಗ ಒಮ್ಮೆ ಮಾಡಿ ಅದರ ಜೊತೆಗೇ ಸಂಗ್ರಹಿಸಿಡುತ್ತೇನೆ. ಹಳ್ಳಿಯಲ್ಲಿ ನೆಟ್‌ವರ್ಕ್ ಸಿಗದೆ ಪರದಾಡುವ ಓದುಗರನ್ನು ನೆನೆದು ಚಿತ್ರಗಳನ್ನು ತೆಗೆದು ಶೀರ್ಷಿಕೆ ಮಾತ್ರ ಉಳಿಸಿದೆ.

ಕೊನೆಗೆ ಸೇರಿಸಿದ್ದು ಬಹಳ ಚಿಕ್ಕ ಸೌಲಭ್ಯ: ಬರಹಗಾರರು ತಾವೇ ಒಂದು ಅಥವಾ ಎರಡು ಲೇಖನಗಳನ್ನು ಆರಿಸಿ ಮೇಲೆ ನಿಲ್ಲಿಸಬಹುದಾದ ಪೆಟ್ಟಿಗೆ. ಇದು ಏಕೆ ಬೇಕಾಯಿತೆಂದರೆ, ಜೋಳದ ಕಾಳು ಕಾಡಿಗೆ ರೋಗ ಬೀಜದ ಮೈಗೆ ಅಂಟಿಕೊಂಡೇ ಹೊಲಕ್ಕೆ ಬರುತ್ತದೆ, ಬಿತ್ತುವ ಮೊದಲು ಬೀಜಕ್ಕೆ ಗಂಧಕದ ಪುಡಿ ಲೇಪಿಸಿದರೆ ಅದನ್ನು ತಡೆಯಬಹುದು. ನಮ್ಮಲ್ಲಿದ್ದ ಬೀಜೋಪಚಾರದ ಲೇಖನದಲ್ಲಿ ‘ಕಾಡಿಗೆ’ ಎಂಬ ಪದವೇ ಇರಲಿಲ್ಲವಾದ್ದರಿಂದ ಯಾವ ಲೆಕ್ಕವೂ ಅದನ್ನು ಮೇಲಕ್ಕೆ ತರುತ್ತಿರಲಿಲ್ಲ. ಅದನ್ನು ನನ್ನ ಕೈಯಾರೆ ಮೊದಲ ಸ್ಥಾನದಲ್ಲಿ ನಿಲ್ಲಿಸಿ, ಹಿಂಗಾರಿ ಬಿತ್ತನೆ ಶುರುವಾಗುವ ಮೊದಲೇ ಆಳಂದದ ಆ ಹಿರಿಯರಿಗೆ ಫೋನ್ ಮಾಡಿ ತಿಳಿಸಿದೆ.