ಕೂರದ ಬ್ರೇಕ್ ಪ್ಯಾಡು ಮತ್ತು ಮೂರು ಮಿಲಿಮೀಟರಿನ ಲೆಕ್ಕ

ಮಂಡ್ಯದಲ್ಲಿ ಟ್ರ್ಯಾಕ್ಟರ್ ಮತ್ತು ಪವರ್ ಟಿಲ್ಲರ್ ರಿಪೇರಿ ಮಾಡಿಕೊಂಡಿರುವ ನನ್ನ ಶೆಡ್ಡಿಗೆ ಎಟಿವಿ, ಅಂದರೆ ಕಚ್ಚಾ ನೆಲದಲ್ಲೂ ಓಡುವ ದಪ್ಪ ಟೈರಿನ ಸಣ್ಣ ತೆರೆದ ಗಾಡಿ, ಬರುವುದು ಅಪರೂಪ. ಕಳೆದ ಮಳೆಗಾಲದಲ್ಲಿ ಪಾಂಡವಪುರದ ಕಡೆಯ ತೋಟವೊಂದರಿಂದ ಅಂಥದೊಂದು ಗಾಡಿ ಟ್ರೇಲರಿನ ಮೇಲೆ ಬಂದಿತು. ಕಬ್ಬಿನ ಗದ್ದೆಗೂ ತೆಂಗಿನ ತೋಟಕ್ಕೂ ನಡುವೆ ನಾಲೆಯ ಏರಿಯ ಮೇಲೆ ಓಡಾಡಲು ಅದನ್ನು ಸೆಕೆಂಡ್‌ಹ್ಯಾಂಡ್ ಕೊಂಡಿದ್ದರು. ಹಿಂದಿನ ಬ್ರೇಕ್ ಹಿಡಿದಾಗ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದಂಥ ಸದ್ದು ಬರುತ್ತಿದ್ದುದರಿಂದ ಮಾಲೀಕರೇ ಹೊಸ ಪ್ಯಾಡುಗಳನ್ನು ತರಿಸಿ ಹಾಕಲು ನೋಡಿದ್ದರು. ಅವು ಡಿಸ್ಕಿನ ಎರಡು ಬದಿಗೆ ಕೂರಲೇ ಇಲ್ಲ. "ಅಂಗಡಿಯವರು ಬೇರೆ ಮಾಡೆಲ್ಲಿನದು ಕಳಿಸಿದ್ದಾರೆ" ಎಂಬುದು ಅವರ ದೂರು.

ಆ ಗಾಡಿಯ ಹಿಂದಿನ ಎರಡು ಚಕ್ರಗಳಿಗೆ ಒಂದೇ ಗಟ್ಟಿ ಆಕ್ಸಲ್, ಆಕ್ಸಲ್ಲಿಗೆ ಒಂದೇ ಡಿಸ್ಕು, ಡಿಸ್ಕಿಗೆ ಒಂದೇ ಪಿಸ್ಟನ್ನಿನ ತೇಲುವ ಕ್ಯಾಲಿಪರ್, ಅಂದರೆ ಪಿನ್ನಿನ ಮೇಲೆ ಅತ್ತಿತ್ತ ಸರಿಯುತ್ತ ಎರಡು ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಹಿಡಿಕೆ. ಹಳೆಯ ಮತ್ತು ಹೊಸ ಪ್ಯಾಡುಗಳನ್ನು ಬೆನ್ನಿಗೆ ಬೆನ್ನು ಇಟ್ಟು ನೋಡಿದೆ. ಕಿವಿಯ ಆಕಾರ, ಪಿನ್ನಿನ ತೂತು, ತಗಡಿನ ದಪ್ಪ, ಎಲ್ಲವೂ ಒಂದೇ ಆಗಿದ್ದವು. ಪ್ಯಾಡು ಸರಿಯಾದದ್ದೇ ಎಂದಾಯಿತು. ಹಾಗಾದರೆ ಪಿಸ್ಟನ್ ಪೂರ್ತಿ ಒಳಗೆ ಹೋಗಿಲ್ಲವೆಂದು ಸಿ ಕ್ಲ್ಯಾಂಪ್ ಹಾಕಿ ಒತ್ತಿದೆ. ಸ್ವಲ್ಪ ಸರಿದು ನಿಂತುಬಿಟ್ಟಿತು. ಅಷ್ಟರಲ್ಲೇ ಮೇಲಿನ ಆಯಿಲ್ ಡಬ್ಬಿಯಿಂದ (ರಿಸರ್ವಾಯರ್) ಬ್ರೇಕ್ ಆಯಿಲ್ ಉಕ್ಕಿ ಫ್ರೇಮಿನ ಮೇಲೆ ಹರಿಯಿತು. ಪ್ಯಾಡು ಸವೆದಂತೆ ಇಳಿಯುವ ಮಟ್ಟವನ್ನು ಯಾರೋ ಮೇಲಿಂದ ಮೇಲೆ ತುಂಬಿಸಿಟ್ಟಿದ್ದರು. ಡಾಟ್ 4 ದರ್ಜೆಯ ಈ ಬ್ರೇಕ್ ಆಯಿಲ್ ಬಣ್ಣವನ್ನು ತಿನ್ನುವುದರಿಂದ ತಕ್ಷಣ ನೀರು ಹಾಕಿ ತೊಳೆದು, ಹೆಚ್ಚಿನದನ್ನು ಸಿರಿಂಜಿನಿಂದ ತೆಗೆದೆ. ಆಯಿಲ್ ಒತ್ತಡವೇ ತಡೆಯುತ್ತಿದೆಯೇನೋ ಎಂದು ಆಯಿಲ್ ಹೊರಬಿಡುವ ತಿರುಪಾದ ಬ್ಲೀಡರಿಗೆ ಪೈಪು ಸಿಕ್ಕಿಸಿ ಸಡಿಲಿಸಿದರೂ ಪಿಸ್ಟನ್ ಕದಲಲಿಲ್ಲ. ಆಗ ನಾನು ಒಂದು ತಪ್ಪಿನ ಅಂಚಿಗೆ ಹೋಗಿದ್ದೆನೆಂದು ಒಪ್ಪಿಕೊಳ್ಳಬೇಕು: ಪ್ಯಾಡನ್ನೇ ಒಂದಿಷ್ಟು ಉಜ್ಜಿ ತೆಳ್ಳಗೆ ಮಾಡೋಣವೆಂದು ಎಮರಿ ಕಾಗದ ಕೈಗೆತ್ತಿಕೊಂಡಿದ್ದೆ.

ಎಷ್ಟು ಉಜ್ಜಬೇಕೆಂದು ತಿಳಿಯಲು ವರ್ನಿಯರ್ ಹಿಡಿದದ್ದೇ ಒಳ್ಳೆಯದಾಯಿತು. ಹೊಸ ಪ್ಯಾಡಿನ ತಗಡು 4 ಮಿಲಿಮೀಟರ್, ಅದರ ಮೇಲೆ ಡಿಸ್ಕಿಗೆ ಉಜ್ಜುವ ಪದರ, ಅಂದರೆ ಲೈನಿಂಗ್ 4. ಎರಡು ಪ್ಯಾಡು ಸೇರಿ 16, ಡಿಸ್ಕು 4, ಒಟ್ಟು 20 ಮಿಲಿಮೀಟರ್ ಜಾಗ ಬೇಕು. ಕ್ಯಾಲಿಪರಿನಲ್ಲಿ ಸಿಕ್ಕಿದ್ದು 17. ಹಳೆಯ ಲೈನಿಂಗ್ ತಲಾ 1 ಮಿಲಿಮೀಟರ್ ಉಳಿದಿತ್ತಾದ್ದರಿಂದ, ಮೊದಲು ಪಿಸ್ಟನ್ ನಿಂತಿದ್ದುದು 14ರ ಆಸುಪಾಸಿನಲ್ಲಿ. ತೇಲುವ ಕ್ಯಾಲಿಪರಿನಲ್ಲಿ ಎರಡೂ ಪ್ಯಾಡಿನ ಸವೆತವನ್ನು ಒಂದೇ ಪಿಸ್ಟನ್ ಮುಂದೆ ಬಂದು ತುಂಬಿಕೊಡುತ್ತದೆ. ಹಾಗಾಗಿ ಅದು 6 ಮಿಲಿಮೀಟರ್ ಹಿಂದೆ ಹೋಗಬೇಕಿತ್ತು. 3 ಹೋಗಿ, ಗೋಡೆಗೆ ತಾಗಿದಂತೆ ನಿಂತಿತ್ತು. ತುಕ್ಕು ಹಿಡಿದ ಪಿಸ್ಟನ್ ಸಾಮಾನ್ಯವಾಗಿ ಹಾಗೆ ನಿಲ್ಲುವುದಿಲ್ಲ, ಬಿಗಿಬಿಗಿಯಾಗಿ ತಿಣುಕುತ್ತ ಸರಿಯುತ್ತದೆ. ಹಿಂದಿನಿಂದ ಏನೋ ಒಂದು ಅದನ್ನು ತಡೆದಿದೆ ಎಂದು ಆಗ ಹೊಳೆಯಿತು.

ಕ್ಯಾಲಿಪರಿನ ಬೆನ್ನಿಗೆ ಅಂಟಿದ್ದ ಕೆಸರನ್ನು ಕೆರೆದಾಗ ಕಂಡದ್ದು ಪಾರ್ಕಿಂಗ್ ಬ್ರೇಕಿನ ತೋಳು, ಅದರ ನಡುವೆ ಲಾಕ್ ನಟ್ಟಿನೊಡನೆ ಒಂದು ಅಡ್ಜಸ್ಟರ್ ಬೋಲ್ಟು. ಕೇಬಲ್ ಎಳೆದಾಗ ತೋಳು ತಿರುಗಿ, ಒಳಗಿನ ಬೋಲ್ಟಿನ ತುದಿ ಪಿಸ್ಟನ್ನನ್ನು ನೇರವಾಗಿ ತಳ್ಳುತ್ತದೆ. ಆಯಿಲಿಗೂ ಇದಕ್ಕೂ ಸಂಬಂಧವಿಲ್ಲ. ಪ್ಯಾಡು ಅರ್ಧ ಸವೆದಾಗ ಹ್ಯಾಂಡ್ ಬ್ರೇಕ್ ಸಡಿಲವಾಯಿತೆಂದು ಯಾರಾದರೂ ಈ ಬೋಲ್ಟನ್ನು ಒಳಕ್ಕೆ ತಿರುಗಿಸಿದ್ದರೆ, ಪಿಸ್ಟನ್ ಅಲ್ಲಿಂದ ಹಿಂದೆ ಹೋಗಲು ದಾರಿಯೇ ಇರುವುದಿಲ್ಲ. 17 ಎಂಬ ಅಳತೆಯೂ ಅದನ್ನೇ ಹೇಳುತ್ತಿತ್ತು: ಲೈನಿಂಗ್ ತಲಾ ಎರಡೂವರೆ ಮಿಲಿಮೀಟರಿಗೆ ಬಂದಾಗ ಕೊನೆಯ ಬಾರಿ ಬಿಗಿ ಮಾಡಿದ್ದರು. ಮೊದಲು ಕೇಬಲ್ ಸಡಿಲಿಸಿ, ಲಾಕ್ ನಟ್ಟು ಬಿಚ್ಚಿ, ಬೋಲ್ಟನ್ನು ಸುಮಾರು ಎರಡೂವರೆ ಸುತ್ತು ಹೊರಕ್ಕೆ ತಂದೆ. ಕ್ಲ್ಯಾಂಪಿಗೆ ಜಗ್ಗದ ಪಿಸ್ಟನ್ ಈಗ ಹೆಬ್ಬೆರಳಿನ ಒತ್ತಡಕ್ಕೇ ಒಳಗೆ ಸರಿಯಿತು.

ಪ್ಯಾಡು ಕೂತಿತು, ಆದರೆ ಹಿಂದಿನ ಭಾಗವನ್ನು ಎತ್ತಿ ನ್ಯೂಟ್ರಲ್ಲಿನಲ್ಲಿ ಚಕ್ರ ತಿರುಗಿಸಿದರೆ ಒಂದು ಬದಿಯ ಪ್ಯಾಡು ಡಿಸ್ಕನ್ನು ಬಿಡುತ್ತಿರಲಿಲ್ಲ. ಕ್ಯಾಲಿಪರ್ ಸರಿದಾಡುವ ಸ್ಲೈಡ್ ಪಿನ್ನಿನ ರಬ್ಬರ್ ಹರಿದು ಒಳಗೆ ಗದ್ದೆಯ ಮಣ್ಣು ಸಿಮೆಂಟಿನಂತೆ ಗಟ್ಟಿಯಾಗಿತ್ತು. ಪಿನ್ನು ತೆಗೆದು ಸ್ವಚ್ಛ ಮಾಡಿ, ರಬ್ಬರ್ ಬದಲಿಸಿ, ಸಿಲಿಕೋನ್ ಗ್ರೀಸ್ ಹಚ್ಚಿದೆ. ಟ್ರ್ಯಾಕ್ಟರಿಗೆ ಹಾಕುವ ಮಾಮೂಲಿ ಗ್ರೀಸ್ ಹಾಕಿದರೆ ಈ ರಬ್ಬರುಗಳು ಉಬ್ಬಿಬಿಡುತ್ತವೆ. ತಗಡಿನ ಕಿವಿಯ ಮೇಲೆ ದಪ್ಪಗೆ ಕೂತಿದ್ದ ಬಣ್ಣವನ್ನು ಮಾತ್ರ ಅರದಿಂದ ತೆಗೆದೆ, ಲೈನಿಂಗನ್ನು ಮುಟ್ಟಲಿಲ್ಲ.

ಕಾಲು ಪೆಡಲಿನಲ್ಲೂ ಒಂದು ಕೈವಾಡ ನಡೆದಿತ್ತು. ಬ್ರೇಕ್ ಬೇಗ ಹಿಡಿಯಲೆಂದು, ಪೆಡಲಿನಿಂದ ಮಾಸ್ಟರ್ ಸಿಲಿಂಡರನ್ನು (ಆಯಿಲನ್ನು ಕ್ಯಾಲಿಪರಿಗೆ ಒತ್ತುವ ಭಾಗ) ತಳ್ಳುವ ಪುಶ್‌ರಾಡನ್ನು ಉದ್ದ ಮಾಡಿದ್ದರಿಂದ ಪೆಡಲಿಗೆ ಆಟವೇ, ಅಂದರೆ ಮೊದಲಿನ ಸಡಿಲವೇ, ಇರಲಿಲ್ಲ. ಹಾಗಿದ್ದರೆ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಪೂರ್ತಿ ಹಿಂದೆ ಬರದೆ ಆಯಿಲ್ ಮರಳುವ ಸಣ್ಣ ತೂತು ಮುಚ್ಚಿಕೊಂಡು, ಬಿಸಿಗೆ ಹಿಗ್ಗಿದ ಆಯಿಲ್ ಬ್ರೇಕನ್ನು ತಾನೇ ಹಿಡಿದುಬಿಡುವ ಅಪಾಯವಿರುತ್ತದೆ. ರಾಡನ್ನು ತುಸು ಗಿಡ್ಡ ಮಾಡಿ ಆಟ ಕೊಟ್ಟೆ.

ಪೆಡಲನ್ನು ಹತ್ತಾರು ಬಾರಿ ತುಳಿದು ಪ್ಯಾಡುಗಳು ಡಿಸ್ಕಿಗೆ ತಾಗಿದ ಮೇಲೆ, ಅಡ್ಜಸ್ಟರನ್ನು ಬೆರಳಿನಲ್ಲಿ ಬಿಗಿಯಾಗುವವರೆಗೆ ಒಳಕ್ಕೆ ತಿರುಗಿಸಿ, ಎಂಟನೇ ಒಂದು ಸುತ್ತು ಹಿಂದಕ್ಕೆ ಬಿಟ್ಟು ಲಾಕ್ ನಟ್ಟು ಹಾಕಿದೆ. ಮೊದಲ ಸಲ ನಟ್ಟಿನ ಜೊತೆ ಬೋಲ್ಟೂ ತಿರುಗಿ ಚಕ್ರ ಮತ್ತೆ ಬಿಗಿಯಿತು. ಎರಡನೇ ಸಲ ಬೋಲ್ಟಿಗೆ ಒಂದು ಸ್ಪ್ಯಾನರ್, ನಟ್ಟಿಗೆ ಇನ್ನೊಂದು ಹಿಡಿದು ಮುಗಿಸಿದೆ. ಮಾಲೀಕರಿಗೆ ಲಾಕ್ ನಟ್ಟಿನಿಂದ ಈಗ ಆಚೆ ಕಾಣುವ ಬೋಲ್ಟಿನ ಥ್ರೆಡ್ಡುಗಳನ್ನು ತೋರಿಸಿ ಎಣಿಸಲು ಹೇಳಿದೆ. ಅವರು ಎಣಿಸಿ, ನಾಲೆ ಏರಿಯ ಇಳಿಜಾರಿನಲ್ಲಿ ಗಾಡಿ ಜಾರಿದಾಗ ತಾವೇ ಅದನ್ನು ಬಿಗಿ ಮಾಡಿದ್ದೆಂದು ಮೆಲ್ಲಗೆ ಹೇಳಿದರು. ಅಂಗಡಿಯವರಿಗೆ ವಾಪಸು ಕಳಿಸಲು ಕಟ್ಟಿಟ್ಟಿದ್ದ ಖಾಲಿ ಡಬ್ಬಿ ಟ್ರೇಲರಿನಲ್ಲೇ ಉಳಿಯಿತು.